ಏಳು ಕ್ಲಾರಿನೆಟ್ಟಿಗೆ ಏಳು ಪೆಟ್ಟಿಗೆ

ಬ್ಯಾಂಡಿಗೆ ಹೊಸದಾಗಿ ಸೇರಿದವರು ನನ್ನನ್ನು ಕಂಡಾಗ ಕೇಳುವುದು ಹೆಚ್ಚಾಗಿ ರೀಡಿನ ಬಗ್ಗೆ, ಅಂದರೆ ಮೌತ್‌ಪೀಸಿಗೆ ಕಟ್ಟಿ ಊದುವ ತೆಳು ಬೆತ್ತದ ಪಟ್ಟಿಯ ಬಗ್ಗೆ. ಯಾವ ನಂಬರಿನ ರೀಡು ಒಳ್ಳೆಯದು, ಯಾವ ಮೌತ್‌ಪೀಸು ಹಗುರ, ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ ಮಾಡಬೇಕು. ಪೆಟ್ಟಿಗೆಯ ಬಗ್ಗೆ ಯಾರೂ ಕೇಳುವುದಿಲ್ಲ. ನಾನು ಮೂವತ್ತೊಂದು ವರ್ಷ ಕ್ಲಾರಿನೆಟ್ ಊದಿದೆ. ಕೊನೆಯ ಹನ್ನೆರಡು ವರ್ಷ ಆ ವಿಭಾಗದ ಮುಖ್ಯಸ್ಥನಾಗಿದ್ದೆ. ಊದುವಾಗ ಮಾಡಿದ ತಪ್ಪುಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ಪೆಟ್ಟಿಗೆ ಆರಿಸುವಾಗ ಮಾಡಿದ ತಪ್ಪು ಮರೆತಿಲ್ಲ. ಅದರಿಂದಾಗಿ ನಾನೇ ಕಲಿಸಿದ ಒಬ್ಬ ಒಳ್ಳೆಯ ವಾದಕನ ಕೈಯಿಂದ ವಾದ್ಯವೇ ತಪ್ಪಿಹೋಗುವುದರಲ್ಲಿತ್ತು. ಮುಂದೆ ಯಾರೂ ಹಾಗೆ ಮಾಡಬಾರದೆಂದು ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಸಮವಸ್ತ್ರದ ಕಾವಲು ದಳ. ಹೆಸರು ಇಲ್ಲಿ ಬೇಕಾಗಿಲ್ಲ. ಮುಂಬಯಿಯ ವಡಾಲದಲ್ಲಿ ಬಂದರಿನ ಗೋದಾಮುಗಳ ಹಿಂದೆ ನಮ್ಮ ಮೈದಾನ, ಅದರ ಅಂಚಿಗೆ ಬ್ಯಾಂಡ್ ರೂಮು. ನಾನು ಭಾಂಡುಪ್‌ನಿಂದ ಬರುತ್ತಿದ್ದೆ. ಕುರ್ಲಾದಲ್ಲಿ ಇಳಿದು ಹಾರ್ಬರ್ ಲೈನಿಗೆ ಬದಲಾಯಿಸಿ, ಏಳಕ್ಕೆ ಹತ್ತು ನಿಮಿಷ ಇರುವಾಗ ರೂಮಿನ ಬೀಗ ತೆಗೆಯುತ್ತಿದ್ದೆ. ಏಳೂವರೆಗೆ ಎಲ್ಲರೂ ಸಾಲಿನಲ್ಲಿ ನಿಂತಿರಬೇಕು. ಅಷ್ಟರೊಳಗೆ ವಾದ್ಯ ಜೋಡಿಸಿ, ಒರೆಸಿ, ಸ್ವರ ಕೂಡಿಸಿ ಆಗಿರಬೇಕು.

ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಕ್ಲಾರಿನೆಟ್ ಒಂದೇ ಕರಿಕೋಲಿನಂತೆ ಕಂಡರೂ ಅದರಲ್ಲಿ ಐದು ತುಂಡುಗಳಿವೆ. ನಡುವಿನ ಎರಡು ಉದ್ದ ತುಂಡುಗಳ ಮೇಲೆ ಕೀಲಿಗಳ ಸಾಲು. ಆ ಎರಡೂ ಸೇರುವ ಕಡೆ, ಮೇಲಿನ ತುಂಡಿನ ತುದಿಯಲ್ಲಿ, ಬೆರಳಿನ ಉಗುರಿನಷ್ಟು ಒಂದು ಲೋಹದ ನಾಲಗೆ ಇರುತ್ತದೆ. ನಾವು ಅದನ್ನು ಬ್ರಿಜ್ ಎನ್ನುತ್ತೇವೆ. ಅದು ಕೂದಲೆಳೆಯಷ್ಟು ಬಾಗಿದರೂ ಸಾಕು, ಕೆಳಗಿನ ತೂತು ಪೂರ್ತಿ ಮುಚ್ಚುವುದಿಲ್ಲ, ಗಾಳಿ ಸೋರುತ್ತದೆ. ತಗ್ಗಿನ ಸ್ವರಗಳು ಹೊರಡುವುದಿಲ್ಲ, ಇಲ್ಲವೇ ಕಿರ್ರೆಂದು ಕೂಗುತ್ತವೆ.

ನಾನು ಸೇರಿದಾಗ ನಮ್ಮಲ್ಲಿ ಇದ್ದದ್ದು ಮರದ ಪೆಟ್ಟಿಗೆಗಳು. ಗ್ರಾಂಟ್ ರೋಡಿನ ಯಾರೋ ಬಡಗಿ ಒಂದೊಂದು ವಾದ್ಯವನ್ನೂ ಎದುರಿಗಿಟ್ಟುಕೊಂಡು ಕೆತ್ತಿದ ಪೆಟ್ಟಿಗೆಗಳು. ಮೂರನೆಯ ನಂಬರಿನ ಕ್ಲಾರಿನೆಟ್ ನಾಲ್ಕನೆಯ ಪೆಟ್ಟಿಗೆಯಲ್ಲಿ ಕೂರುತ್ತಿರಲಿಲ್ಲ. ಭಾರ ಬಹಳ. ಮೇಲೆ ಕೆಳಗೆ ಎರಡೂ ಒಂದೇ ಥರ. ಮೊದಲ ವಾರವೇ ನಾನು ಪೆಟ್ಟಿಗೆಯನ್ನು ತಲೆಕೆಳಗಾಗಿ ಇಟ್ಟು ಚಿಲಕ ತೆಗೆದೆ. ಐದೂ ತುಂಡುಗಳು ನನ್ನ ಬೂಟಿನ ಮೇಲೆ ಬಿದ್ದವು. ಆಗಿನ ಹಿರಿಯರು ಬೈಯಲಿಲ್ಲ. ಮುಚ್ಚಳದ ಮೇಲೆ ಬಿಳಿ ಟೇಪು ಅಂಟಿಸಲು ಹೇಳಿ, ಒಂದು ತಿಂಗಳು ದಿನಾ ಬೆಳಿಗ್ಗೆ "ಆಕಾಶ ಯಾವ ಕಡೆ ಉಂಟು, ಸುವರ್ಣ?" ಎಂದು ಎಲ್ಲರೆದುರು ಕೇಳುತ್ತಿದ್ದರು. ನೀವೂ ಹೊಸ ಪೆಟ್ಟಿಗೆ ಕೊಂಡ ದಿನವೇ ಮುಚ್ಚಳಕ್ಕೆ ಗುರುತು ಮಾಡಿ.

ನಾನು ಮುಖ್ಯಸ್ಥನಾದ ವರ್ಷ ಇನ್ನೊಂದು ಅನಾಹುತವಾಯಿತು. ಪರೇಡಿಗೆ ಹೋಗುವ ಲಾರಿಯಲ್ಲಿ ಬೆಂಚಿನ ಮೇಲೆ ಅಡ್ಡ ಮಲಗಿಸಿದ್ದ ಒಂದು ಪೆಟ್ಟಿಗೆಯ ಮೇಲೆ ಡೋಲಿನವನು ಕುಳಿತ. ಹಲಗೆ ಸೀಳಿತು, ಒಳಗೆ ಬೆಲ್ಲು ಎಂಬ ಅಗಲಬಾಯಿಯ ತುಂಡಿನ ಅಂಚು ಒಡೆಯಿತು. ಅಂದು ಸಂಜೆಯೇ ನಾನು ಒಂದು ನಿಯಮ ಬರೆದು ಗೋಡೆಗೆ ಅಂಟಿಸಿದೆ. ಕ್ಲಾರಿನೆಟ್ ಪೆಟ್ಟಿಗೆಯನ್ನು ಎಲ್ಲಿಯೂ ಅಡ್ಡ ಮಲಗಿಸಬಾರದು. ರೂಮಿನಲ್ಲಿ, ಲಾರಿಯಲ್ಲಿ, ಲೋಕಲ್ ರೈಲಿನಲ್ಲಿ, ಮನೆಯಲ್ಲಿ ನೆಟ್ಟಗೆ ನಿಲ್ಲಿಸಿಯೇ ಇಡಬೇಕು, ಹಿಡಿಕೆ ಹೊರಮುಖವಾಗಿರಬೇಕು. ನಿಂತ ಪೆಟ್ಟಿಗೆಯ ಮೇಲೆ ಯಾರೂ ಕೂರುವುದಿಲ್ಲ. ಎಂಟು ವರ್ಷ ಒಂದು ವಾದ್ಯಕ್ಕೂ ಗೀರು ಬೀಳಲಿಲ್ಲ. ನನ್ನ ನಿಯಮದ ಬಗ್ಗೆ ನನಗೆ ಹೆಮ್ಮೆ ಇತ್ತು.

ಮರದ ಪೆಟ್ಟಿಗೆಗಳು ಒಂದೊಂದಾಗಿ ಕೆಟ್ಟವು. ಮಳೆಗಾಲದಲ್ಲಿ ಒಳಬಟ್ಟೆಗೆ ಬೂಷ್ಟು ಹಿಡಿಯುತ್ತಿತ್ತು, ಮುಚ್ಚಳದ ತಿರುಗಣಿ ತುಕ್ಕು ಹಿಡಿದು ಮುರಿಯುತ್ತಿತ್ತು. ಬ್ಯಾಂಡ್ ಮಾಸ್ಟರ್ ಸಾವಂತ್ ಸಾಹೇಬರು ನನ್ನನ್ನು ಕರೆದು, ಹೊಸ ಪೆಟ್ಟಿಗೆ ಮತ್ತು ಚೀಲಗಳನ್ನು ನೀನೇ ಆರಿಸು ಎಂದರು. ಎಂಟು ಕ್ಲಾರಿನೆಟ್‌ಗಳಲ್ಲಿ ನನ್ನದರ ಪೆಟ್ಟಿಗೆ ಇನ್ನೂ ಗಟ್ಟಿಯಾಗಿತ್ತು. ಏಳು ಬೇಕು.

ನಾನು ಟೇಪು ಹಿಡಿದು ಏಳೂ ವಾದ್ಯಗಳ ತುಂಡುಗಳನ್ನು ಅಳೆದು ಪಟ್ಟಿ ಮಾಡಿಕೊಂಡು ಗ್ರಾಂಟ್ ರೋಡಿಗೆ ಹೋದೆ. ಅಲ್ಲಿ ಗಫೂರ್ ಚಾಚಾ ಎಂಬವರ ಅಂಗಡಿ ಇತ್ತು. ಊದುವ ವಾದ್ಯಗಳ ರಿಪೇರಿಯಲ್ಲಿ ಅವರು ಎತ್ತಿದ ಕೈ. ಕರಾವಳಿಯಿಂದ ಬಂದವರೆಲ್ಲ ಅವರಿಗೆ ಶೆಟ್ಟಿಗಳೇ. ನಾನು ಸುವರ್ಣ ಎಂದು ಹದಿನೈದು ವರ್ಷ ಹೇಳಿಯೂ ಉಪಯೋಗವಾಗಿರಲಿಲ್ಲ.

"ಬಾಜಾ ಕಿಧರ್ ಹೈ, ಶೆಟ್ಟಿ?" ಎಂದರು.

ವಾದ್ಯ ತಂದಿಲ್ಲ, ಅಳತೆ ತಂದಿದ್ದೇನೆ ಎಂದು ಪಟ್ಟಿ ತೋರಿಸಿದೆ. ಚಾಚಾ ಪಟ್ಟಿಯನ್ನೂ ನನ್ನನ್ನೂ ನೋಡಿದರು.

"ಜೂತಾ ಖರೀದನೇ ಆಯೇ, ಔರ್ ಪಾವ್ ಘರ್ ಪೇ ಛೋಡ್ ಆಯೇ?" ಚಪ್ಪಲಿ ಕೊಳ್ಳಲು ಬಂದವನು ಕಾಲನ್ನು ಮನೆಯಲ್ಲಿಟ್ಟು ಬಂದೆಯಾ ಎಂದು ಅವರ ಪ್ರಶ್ನೆ. ಅಂಗಡಿಯಲ್ಲಿದ್ದವರು ನಕ್ಕರು.

ನನಗೆ ಸಿಟ್ಟು ಬಂತು. ಅವರವರ ವಾದ್ಯವನ್ನು ದಿನಾ ಮನೆಗೆ ಒಯ್ಯಬಹುದು, ಆದರೆ ಅಂಗಡಿಗೆ ಒಯ್ಯಬೇಕಾದರೆ ಬೇರೆ ಪಾಸು ಬೇಕು, ಒಂದು ದಿನ ಹೋಗುತ್ತದೆ. ಅಳತೆ ಸರಿ ಇರುವಾಗ ಅದೆಲ್ಲ ಯಾಕೆ? ನಾನು ನೋಡಬೇಕಾದ್ದನ್ನೆಲ್ಲ ನೋಡಿದೆ ಎಂದೇ ಭಾವಿಸಿದೆ. ಉದ್ದ, ಅಗಲ, ಚಿಲಕ, ಹೆಗಲಪಟ್ಟಿಯ ಹೊಲಿಗೆ, ಜಿಪ್ಪು. ಚೀಲದ ಮೇಲೆ ನಲ್ಲಿಯಿಂದ ಐದು ನಿಮಿಷ ನೀರು ಬಿಡಿಸಿ ಒಳಗೆ ಕೈಹಾಕಿ ನೋಡಿದೆ, ಒಣಗಿತ್ತು. ಮರದ ಪೆಟ್ಟಿಗೆಯ ಅರ್ಧದಷ್ಟೂ ಭಾರವಿಲ್ಲ. ಏಳೂ ಒಂದೇ ಬಣ್ಣ, ಒಂದೇ ಆಕಾರ. ನಂಬರು ಬರೆಸಿ ರ್‍ಯಾಕಿನಲ್ಲಿ ನಿಲ್ಲಿಸಿದಾಗ ಸಾಲು ಅಚ್ಚುಕಟ್ಟಾಗಿ ಕಂಡಿತು. ಸಾವಂತ್ ಸಾಹೇಬರು "ವ್ವಾ" ಎಂದರು. ಒಂದು ವಾದ್ಯವನ್ನು ಒಳಗಿಟ್ಟು, ಮುಚ್ಚಿ, ಎತ್ತಿ, ವಾಲಿಸಿ ನೋಡಲಿಲ್ಲ. ನೋಡಬೇಕಾದದ್ದು ಅದೊಂದೇ ಆಗಿತ್ತು.

ಈಗ ಪರಸಪ್ಪನ ವಿಷಯ. ಬಾಗಲಕೋಟೆ ಕಡೆಯವನು. ಅಪ್ಪ ಅಮ್ಮ ಕಟ್ಟಡದ ಕೆಲಸಕ್ಕೆಂದು ಮುಂಬಯಿಗೆ ಬಂದವರು. ಮಾನ್‌ಖುರ್ದ್‌ನಲ್ಲಿ ಬೆಳೆದು ನಮ್ಮ ದಳಕ್ಕೆ ಗೇಟ್ ಕಾವಲಿಗೆ ಸೇರಿದ. ಡ್ಯೂಟಿ ಮುಗಿದ ಮೇಲೆ ಬ್ಯಾಂಡ್ ರೂಮಿನ ಕಿಟಕಿ ಹಿಡಿದು ನಿಂತು ಕೇಳುತ್ತಿದ್ದ. ನಾನೇ ಒಳಗೆ ಕರೆದು ಮೊದಲ ಉಸಿರಿನಿಂದ ಕಲಿಸಿದೆ. ನಾಲ್ಕು ವರ್ಷದಲ್ಲಿ ತಗ್ಗಿನ ಸ್ವರಗಳಲ್ಲಿ ಅವನನ್ನು ಮೀರಿಸುವವರು ವಿಭಾಗದಲ್ಲಿ ಇರಲಿಲ್ಲ, ನನ್ನನ್ನೂ ಸೇರಿಸಿ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು. ವಾದ್ಯ ದಳದ್ದು, ಅವನದಲ್ಲ. ಬ್ಯಾಂಡಿನಿಂದ ತೆಗೆದರೆ ವಾದ್ಯ ಉಗ್ರಾಣಕ್ಕೆ, ಅವನು ಗೇಟಿಗೆ. ಮತ್ತೆ ಕ್ಲಾರಿನೆಟ್ ಮುಟ್ಟುವ ದಾರಿ ಅವನಿಗೆ ಇರಲಿಲ್ಲ.

ಹೊಸ ಪೆಟ್ಟಿಗೆಗಳು ಬಂದು ಎರಡು ತಿಂಗಳಾಗಿರಬಹುದು. ಒಂದು ಬೆಳಿಗ್ಗೆ ಪರಸಪ್ಪನ ತಗ್ಗಿನ ಸ್ವರಗಳು ಹೊರಡಲಿಲ್ಲ. ನೋಡಿದರೆ ಬ್ರಿಜ್ ಬಾಗಿತ್ತು. ಆ ತುಂಡನ್ನು ಟವೆಲಿನಲ್ಲಿ ಸುತ್ತಿ ಚಾಚಾನಿಗೆ ಕಳಿಸಿದೆ. ನೇರ ಮಾಡಿ ಕಳಿಸಿದರು. ಜೊತೆಗೆ "ಮಾರ್ ಲಗಾ ಹೈ" ಎಂದು ಹೇಳಿ ಕಳಿಸಿದರು. ಏಟು ಬಿದ್ದಿದೆ.

"ಎಲ್ಲಿ ಬೀಳಿಸಿದೆ?" ಎಂದು ಕೇಳಿದೆ.

"ಬೀಳಿಸಿಲ್ರಿ ಸರ."

"ಬೀಳಿಸದೆ ಏಟು ಎಲ್ಲಿಂದ ಬಂತು ಮಾರಾಯ? ಆಕಾಶದಿಂದಲಾ?"

"ಗೊತ್ತಿಲ್ರಿ. ಖರೇನ ಬೀಳಿಸಿಲ್ಲ."

ಒಂದು ತಿಂಗಳ ನಂತರ ಎರಡನೆಯ ಸಲ. ಈ ಸಲ ಮೈದಾನದಲ್ಲಿ, ಅತಿಥಿಗಳ ಎದುರು, ನಡಿಗೆಯ ನಡುವೆ ಅವನ ಕ್ಲಾರಿನೆಟ್ ಕಿರ್ರೆಂದು ಕೂಗಿತು. ಮುಂದಿನ ಸಾಲಿನ ಕುರ್ಚಿಯವರೆಲ್ಲ ತಿರುಗಿ ನೋಡಿದರು. ಮತ್ತೆ ಅದೇ ಬ್ರಿಜ್. ಮೊದಲ ಸಲದಂತೆಯೇ ಈ ಸಲವೂ ನಾನು ನಿರ್ಲಕ್ಷ್ಯ ಎಂದು ಬರೆದುಕೊಟ್ಟೆ. ಮರುದಿನ ಪರಸಪ್ಪ ನನ್ನ ಮೇಜಿನ ಮುಂದೆ ಬಂದು ನಿಂತ.

"ಸರ, ಒಂದ್ ಮಾತ ಕೇಳ್ಲೇನ್ರಿ? ಲೋಕಲ್‌ನ್ಯಾಗ ಪೆಟ್ಟಿಗಿ ಅಡ್ಡ ಇಟ್ಕೊಂಡ್ರ ನಡೀತದೇನ್ರಿ? ನಿಂದ್ರಿಸಿದ್ರ ಒಳಗ ಏನೋ ಅಳ್ಳಾಡಿದಂಗ ಅನಸ್ತದ."

"ರೂಲು ಎಂತ ಉಂಟು?"

"ನಿಂದ್ರಸಬೇಕಂತ ಐತ್ರಿ."

"ಮತ್ತೆ ಎಂತದು ಪ್ರಶ್ನೆ? ಉಳಿದ ಆರು ಜನ ಇಲ್ಲವಾ? ಅವರದ್ದು ಯಾವುದಾದರೂ ಬಾಗಿದೆಯಾ?"

ಅವನು ಸಲ್ಯೂಟ್ ಹೊಡೆದು ಹೋದ. ನನ್ನ ವಾದ ಗಟ್ಟಿಯಾಗಿತ್ತು. ಏಳೂ ಪೆಟ್ಟಿಗೆ ಒಂದೇ, ನಿಯಮ ಒಂದೇ, ಕೆಡುವುದು ಒಬ್ಬನದೇ. ನಾನೂ ಅದೇ ನಿಯಮದಂತೆ ನನ್ನ ಮರದ ಪೆಟ್ಟಿಗೆಯನ್ನು ದಿನಾ ನಿಲ್ಲಿಸಿ ತರುತ್ತಿದ್ದೆ, ನನ್ನ ಬ್ರಿಜ್ ಒಂದು ದಿನವೂ ಬಾಗಿರಲಿಲ್ಲ.

ಮೂರನೆಯ ಸಲ ಆದಾಗ ನಾನು ಬರೆದ ವರದಿ ಸಾವಂತ್ ಸಾಹೇಬರಿಂದ ಮೇಲೆ ಹೋಯಿತು. ಪರಸಪ್ಪನನ್ನು ಬ್ಯಾಂಡಿನಿಂದ ಗೇಟಿಗೆ ವರ್ಗಾಯಿಸುವ ಆದೇಶ ಟೈಪಾಗಿ ಕಮಾಂಡರ್ ಸಾಹೇಬರ ಮೇಜಿನ ಮೇಲೆ ಕುಳಿತಿತು. ಶುಕ್ರವಾರ ಅವರ ಪರಿಶೀಲನೆ. ಸಾವಂತ್ ಸಾಹೇಬರು ನನ್ನನ್ನು ಬದಿಗೆ ಕರೆದರು. "ಸುವರ್ಣ, ಶುಕ್ರವಾರ ಅವನ ಭಾಗ ಸರಿ ಬಂದರೆ ನಾನು ಹೇಗಾದರೂ ತಡೆಯುತ್ತೇನೆ. ಮತ್ತೆ ಕೈಕೊಟ್ಟರೆ ಸಾಹೇಬರು ಅಲ್ಲೇ ಸಹಿ ಹಾಕುತ್ತಾರೆ. ಮಗ್ ಮೀ ಕಾಯ್ ಕರೂ?" ಆಮೇಲೆ ನಾನೇನು ಮಾಡಲಿ ಎಂದು ಕೈ ಮೇಲೆತ್ತಿದರು.

ವರದಿ ನನ್ನದೇ. ಆದರೂ ಕಲಿಸಿದವನು ನಾನು. ಹಾಗಾಗಿ ಈ ಸಲ ವಾದ್ಯ ಅವನ ಕೈಗೆ ಹೋಗದ ಹಾಗೆ ನೋಡಿಕೊಳ್ಳುತ್ತೇನೆ, ಆಗ ಹೇಗೆ ಬಾಗುತ್ತದೆ ನೋಡುವ ಎಂದು ನಿಶ್ಚಯಿಸಿದೆ. ಗುರುವಾರ ಪಾಸು ಮಾಡಿಸಿ ಅವನ ಕ್ಲಾರಿನೆಟ್ಟನ್ನು ಪೆಟ್ಟಿಗೆ ಸಮೇತ ನಾನೇ ಗ್ರಾಂಟ್ ರೋಡಿಗೆ ಒಯ್ದೆ. ಪೆಟ್ಟಿಗೆಯನ್ನು ಬಾಗಿಲ ಬಳಿ ನಿಲ್ಲಿಸಿ, ಕೆಟ್ಟ ತುಂಡನ್ನು ಚಾಚಾನ ಕೈಗೆ ಕೊಟ್ಟೆ. ಅವರು ನೇರ ಮಾಡಿದರು. ಅಲ್ಲೇ ಜೋಡಿಸಿ ಅತಿ ತಗ್ಗಿನಿಂದ ಅತಿ ಮೇಲಿನವರೆಗೆ ಊದಿ ನೋಡಿದೆ. ಒಂದು ಸ್ವರವೂ ಅಳುಕಲಿಲ್ಲ. ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಚಿಲಕದ ಮೇಲೆ ಕಾಗದದ ಪಟ್ಟಿ ಅಂಟಿಸಿ ಅಡ್ಡಲಾಗಿ ನನ್ನ ಸಹಿ ಹಾಕಿದೆ. ಇನ್ನು ಯಾರೂ ತೆಗೆಯುವ ಹಾಗಿಲ್ಲ.

ದಾದರ್‌ವರೆಗೆ ಒಂದು ಲೋಕಲ್, ಸೇತುವೆ ದಾಟಿ ಇನ್ನೊಂದು. ಸಂಜೆಯ ಜನ. ಪೆಟ್ಟಿಗೆಯನ್ನು ನನ್ನ ಎರಡು ಬೂಟುಗಳ ನಡುವೆ ನೆಟ್ಟಗೆ ನಿಲ್ಲಿಸಿ ಕಾಲುಗಳಿಂದ ಅವುಚಿ ಹಿಡಿದೆ. "ಅಂಕಲ್, ಊಪರ್ ರಖೋ ನಾ, ರ್‍ಯಾಕ್ ಪೇ ಜಗಾ ಹೈ" ಎಂದು ಒಬ್ಬ ಮೇಲೆ ಸಾಮಾನಿಡುವ ಜಾಗ ತೋರಿಸಿದ. ಬೇಡ ಎಂದೆ. ಪ್ರತಿ ಸ್ಟೇಷನ್ನಿನಲ್ಲಿ ಗಾಡಿ ಎಳೆದು ನಿಂತಾಗಲೂ ಕಾಲು ಇನ್ನಷ್ಟು ಬಿಗಿ ಮಾಡಿದೆ. ಮನೆಯಲ್ಲಿ ಕಪಾಟಿನ ಪಕ್ಕ ನಿಲ್ಲಿಸಿದೆ. ಬೆಳಿಗ್ಗೆ ಮತ್ತೆ ಹಾಗೆಯೇ ಕುರ್ಲಾ, ಹಾಗೆಯೇ ವಡಾಲ.

ಶುಕ್ರವಾರ ಏಳಕ್ಕೆ ಹತ್ತು ನಿಮಿಷ. ಸಾವಂತ್ ಸಾಹೇಬರನ್ನು ಸಾಕ್ಷಿಗೆ ಕರೆದೆ. ಪರಸಪ್ಪ ಕೈಕಟ್ಟಿ ನಿಂತಿದ್ದ. ಇಬ್ಬರಿಗೂ ಸಹಿ ತೋರಿಸಿ ಕಾಗದ ಹರಿದೆ. ತುಂಡುಗಳನ್ನು ಜೋಡಿಸಿ ಪರಸಪ್ಪನ ಕೈಗೆ ಕೊಟ್ಟೆ.

ಅವನು ಊದಿದ. ಮೇಲಿನ ಸ್ವರಗಳು ಬಂದವು. ಇಳಿಯುತ್ತಾ ಬಂದ. ತಗ್ಗಿನ ಮೊದಲ ಸ್ವರದಲ್ಲಿ ಬರೀ ಗಾಳಿಯ ಸದ್ದು.

ನಾನು ಕಿತ್ತುಕೊಂಡು ಬೆಳಕಿಗೆ ಹಿಡಿದೆ. ಬ್ರಿಜ್ ಬಾಗಿತ್ತು.

ಆಮೇಲೆ ಸಾವಂತ್ ಸಾಹೇಬರೇ ದಾರಿ ತೋರಿಸಿದರು. "ಗಫೂರ್ ಮಿಯಾ ಸರಿಯಾಗಿ ಮಾಡಿಲ್ಲ. ವಯಸ್ಸಾಯಿತು. ಹಾಗೇ ಬರೆದುಬಿಡು." ಹೌದು ಎನ್ನಲು ನನ್ನ ಬಾಯಿ ತೆರೆದಿತ್ತು. ಆದರೆ ನಿನ್ನೆ ನಾನೇ ಊದಿ ನೋಡಿದ್ದೆ.

ತುಂಡನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದೆ. ಕಿವಿಯ ಹತ್ತಿರ ಹಿಡಿದು ನೆಟ್ಟಗೆ ನಿಲ್ಲಿಸಿದೆ. ಒಳಗೆ ಟಕ್ ಎಂದಿತು. ಅಡ್ಡ ಮಾಡಿ ಮತ್ತೆ ನಿಲ್ಲಿಸಿದೆ. ಟಕ್. ಮುಚ್ಚಳ ತೆಗೆದು ನೋಡಿದರೆ ತುಂಡಿನ ತುದಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ಒಂದು ಬೆರಳಿನಷ್ಟು ಜಾಗ. ಎಲ್ಲ ಕ್ಲಾರಿನೆಟ್‌ಗಳಿಗೂ ಆಗಲಿ ಎಂದು ಮಾಡಿದ ಪೆಟ್ಟಿಗೆ ಅದು, ಇದಕ್ಕೆಂದು ಕೆತ್ತಿದ್ದಲ್ಲ. ಅಡ್ಡ ಇಟ್ಟರೆ ತುಂಡು ಅಲುಗುವುದಿಲ್ಲ. ರ್‍ಯಾಕಿನಲ್ಲಿ ಸುಮ್ಮನೆ ನಿಂತರೂ ಅಪಾಯವಿಲ್ಲ. ನಿಂತು ಲೋಕಲ್‌ನಲ್ಲಿ ಕುಲುಕಿದರೆ ಮಾತ್ರ ಬ್ರಿಜ್ ಹೋಗಿ ಗೋಡೆಗೆ ಬಡಿಯುತ್ತಾ ಇರುತ್ತದೆ.

"ನಿಲ್ಲಿಸುವ ರೂಲು ಯಾರದ್ದು?" ಎಂದರು ಸಾವಂತ್ ಸಾಹೇಬರು. ಅವರಿಗೆ ಗೊತ್ತಿತ್ತು.

"ನನ್ನದು. ಪೆಟ್ಟಿಗೆ ಆರಿಸಿದ್ದೂ ನಾನು."

ಸಾಲಿನಲ್ಲಿ ನಿಲ್ಲಲು ಅರ್ಧ ಗಂಟೆಗಿಂತ ಕಡಿಮೆ ಸಮಯವಿತ್ತು. ಗ್ರಾಂಟ್ ರೋಡಿಗೆ ಹೋಗಿ ಬರಲು ಸಾಧ್ಯವಿಲ್ಲ. ನಾವು ಕೈಯಿಂದ ನೇರ ಮಾಡಲು ಹೋದರೆ ಮುರಿಯುತ್ತದೆ. ನಾನು ನನ್ನ ಕ್ಲಾರಿನೆಟ್ಟನ್ನು ತೆಗೆದು ಪರಸಪ್ಪನತ್ತ ಚಾಚಿದೆ.

"ಇದು ನಿಮ್ಮದ್ರಿ ಸರ."

"ಹಿಡ್ಕೊ ಮಾರಾಯ. ನಿನ್ನ ಮೌತ್‌ಪೀಸು ಹಾಕು. ಇದರ ಕೆಳಗಿನ ಕೀಲಿ ಸ್ವಲ್ಪ ಬಿಗಿ ಉಂಟು, ಕಿರುಬೆರಳು ಗಟ್ಟಿ ಒತ್ತು."

"ನೀವ್ ಏನ್ ಊದ್ತೀರಿ?"

"ನಾನು ಊದುವುದಿಲ್ಲ. ಹೋಗು."

ನನ್ನ ಅಷ್ಟು ವರ್ಷದ ಸೇವೆಯಲ್ಲಿ ಬ್ಯಾಂಡ್ ಸಾಲಿನಲ್ಲಿ ನಿಂತಿದ್ದಾಗ ನಾನು ಒಳಗೆ ಉಳಿದದ್ದು ಅದೊಂದೇ ಸಲ. ಕಿಟಕಿಯ ಕಂಬಿ ಹಿಡಿದು ಕೇಳಿದೆ. ಕಹಳೆಗಳು ನಿಂತ ಮೇಲೆ ಅವನ ಭಾಗ ಬರುತ್ತದೆ, ಹನ್ನೆರಡು ತಾಳದಷ್ಟು, ಅಷ್ಟೂ ತಗ್ಗಿನಲ್ಲಿ, ಜೊತೆಗೆ ಯಾರೂ ಇಲ್ಲ. ಅಪರಿಚಿತ ವಾದ್ಯ, ಬಿಗಿ ಕೀಲಿ. ಕಹಳೆಗಳು ನಿಂತವು. ಒಂದು ಕ್ಷಣ ಏನೂ ಕೇಳಿಸಲಿಲ್ಲ. ನನ್ನ ಕಿರುಬೆರಳು ಕಂಬಿಯನ್ನು ಒತ್ತಿ ಹಿಡಿದಿತ್ತು. ಆಮೇಲೆ ಆ ಸ್ವರ ಬಂತು, ತುಂಬಿ ಬಂತು, ಹನ್ನೆರಡು ತಾಳ ಮುಗಿಯುವವರೆಗೆ ಎಲ್ಲಿಯೂ ಸೋರಲಿಲ್ಲ.

ಪರಿಶೀಲನೆ ಮುಗಿದು ವಾದ್ಯಗಳನ್ನು ಒಳಗಿಡಲು ಬಂದ ಕ್ಲಾರಿನೆಟ್‌ನವರನ್ನು ನಿಲ್ಲಿಸಿ ಒಂದು ಪ್ರಶ್ನೆ ಕೇಳಿದೆ. ಉಳಿದ ಆರು ಬ್ರಿಜ್‌ಗಳು ಯಾಕೆ ಬಾಗಲಿಲ್ಲ? ನಮ್ಮ ವಿಭಾಗದ ಫರ್ನಾಂಡಿಸ್ ಮಂಗಳೂರು ಮೂಲದವನಾದರೂ ಮುಂಬಯಿಯಲ್ಲೇ ಹುಟ್ಟಿದವನು, ಕನ್ನಡ ತಡವರಿಸಿ ಆಡುತ್ತಾನೆ. ಅವನೇ ಬಾಯಿಬಿಟ್ಟ.

"ಸರ್, ಸಚ್ ಬೋಲೂ? ನೀವು ಎದುರು ಇದ್ರೆ ಮಾತ್ರ ನಿಲ್ಲಿಸೋದು. ಟ್ರೇನಲ್ಲಿ ನಾವು ಸಬ್ ಲೋಗ್ ರ್‍ಯಾಕ್ ಮೇಲೆ ಮಲಗಿಸ್ತೇವೆ. ಮನೆಯಲ್ಲಿ ಭೀ."

"ಎಲ್ಲಾರೂ?" ಎಂದು ಕೇಳಿದವನು ಪರಸಪ್ಪ.

"ಅರೇ ಯಾರ್, ಅಷ್ಟು ರಶ್ಶಲ್ಲಿ ಯಾರು ಕಾಲ ನಡುವೆ ಹಿಡೀತಾರೆ?"

ಪರಸಪ್ಪ ನನ್ನ ಕ್ಲಾರಿನೆಟ್ಟನ್ನು ಒರೆಸಿ ಮರದ ಪೆಟ್ಟಿಗೆಯಲ್ಲಿಟ್ಟ. ಫರ್ನಾಂಡಿಸ್‌ನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. "ಅಂದ್ರ ಹೇಳಿದಂಗ ಮಾಡಿದಂವಾ ನಾ ಒಬ್ಬನ" ಎಂದು ಹೇಳಿ ಹೊರಗೆ ಹೋದ.

ಆದೇಶ ಇನ್ನೂ ಮೇಜಿನ ಮೇಲಿತ್ತು. ಪರಿಶೀಲನೆ ಚೆನ್ನಾಗಿ ಆಯಿತೆಂಬ ಕಾರಣಕ್ಕೆ ಅದು ತಾನಾಗಿ ಹರಿಯುವುದಿಲ್ಲ, ಮೂರು ವರದಿಗಳ ಮೇಲೆ ನನ್ನ ಸಹಿ ಇದೆ. ಹನ್ನೊಂದು ಗಂಟೆಗೆ ನಾನು ಅನುಮತಿ ಕೇಳಿ ಕಮಾಂಡರ್ ಸಾಹೇಬರ ಕೋಣೆಗೆ ಹೋದೆ. ಪೆಟ್ಟಿಗೆಯನ್ನು ಜೊತೆಗೆ ಒಯ್ದಿದ್ದೆ. ಅವರು ಇಂಗ್ಲಿಷಿನಲ್ಲಿ ಮಾತಾಡುವವರು, ದನಿ ಏರಿಸುವವರಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿದರು. ಪೆಟ್ಟಿಗೆಯನ್ನು ತಾವೇ ಎತ್ತಿ ನಿಲ್ಲಿಸಿ ಆ ಸದ್ದನ್ನು ಕೇಳಿದರು.

"ಮೂರು ಸಲ ನಿರ್ಲಕ್ಷ್ಯ ಎಂದು ಬರೆದಿದ್ದೀರಿ," ಎಂದರು. "ಆ ಮನುಷ್ಯ ಏನಾದರೂ ಹೇಳಿದ್ದನೇ?"

"ಹೇಳಿದ್ದ, ಸರ್. ನಾನು ಕೇಳಲಿಲ್ಲ."

"ಸೋಮವಾರದಿಂದ ಒಬ್ಬನನ್ನು ಕೊಡುತ್ತೇನೆಂದು ಗೇಟಿನವರಿಗೆ ಹೇಳಿಯಾಗಿದೆ. ಯಾರನ್ನು ಕಳಿಸಲಿ?"

ಅದು ಪ್ರಶ್ನೆಯೋ ಶಿಕ್ಷೆಯೋ ನನಗೆ ತಿಳಿಯಲಿಲ್ಲ. "ನನ್ನನ್ನು ಕಳಿಸಿ" ಎಂದೆ. ಅವರು ಪರಸಪ್ಪನ ಹೆಸರು ಹೊಡೆದು ಹದಿನೈದು ದಿನಕ್ಕೆ ನನ್ನ ಹೆಸರು ಬರೆದರು.

ಹೀಗೆ ಐವತ್ತೇಳನೆಯ ವಯಸ್ಸಿನಲ್ಲಿ ನಾನು ಗೇಟಿನಲ್ಲಿ ನಿಂತೆ. ಬ್ಯಾಂಡಿನವರು ಬರುವಾಗ ಬೇಕೆಂದೇ ಬೇರೆ ಕಡೆ ನೋಡುತ್ತಿದ್ದರು. ಕೆಲಸ ಕಷ್ಟದ್ದಲ್ಲ. ಒಳಗೆ ಬರುವ ಪ್ರತಿ ಚೀಲ ತೆಗೆಸಿ ನೋಡಬೇಕು, ಪಾಸಿನ ಮೇಲೆ ಸಮಯ ಬರೆಯಬೇಕು. ಎಲ್ಲರ ಪೆಟ್ಟಿಗೆಗಳನ್ನೂ ತೆರೆಸಿ ನೋಡುವಾಗ ನನಗೆ ತಿಳಿದದ್ದನ್ನು ನಿಮಗೂ ಹೇಳುತ್ತೇನೆ. ಅಂಗಡಿಗೆ ಹೋಗುವಾಗ ನಿಮ್ಮ ವಾದ್ಯವನ್ನೇ ಒಯ್ಯಿರಿ. ಒಳಗಿಟ್ಟು ಮುಚ್ಚಿ, ನಾಲ್ಕೂ ದಿಕ್ಕಿಗೆ ನಿಧಾನ ವಾಲಿಸಿ, ಕಿವಿಗೊಟ್ಟು ಕೇಳಿ. ಸದ್ದು ಬಂದರೆ ಆ ಪೆಟ್ಟಿಗೆ ಬೇಡ. ಚೀಲಕ್ಕೆ ಹೆಗಲಪಟ್ಟಿ ಎರಡೂ ತುದಿಗೆ ಇರಲಿ, ಪೆಟ್ಟಿಗೆ ಅಡ್ಡವಾಗಿ ತೂಗುವ ಹಾಗೆ. ಜನಜಂಗುಳಿಯಲ್ಲಿ ಅದನ್ನು ಬೆನ್ನಿಗೆ ಬಿಡದೆ ಎದೆಗೆ ತಂದುಕೊಳ್ಳಿ. ಒರೆಸುವ ಒದ್ದೆ ಬಟ್ಟೆಗೆ ಚೀಲದ ಹೊರಗೆ ಬೇರೆ ಜೇಬು ಇರಲಿ. ಪೆಟ್ಟಿಗೆ ಬದಲಾದ ದಿನ ಹಳೆಯ ನಿಯಮವನ್ನೂ ತೆಗೆದು ನೋಡಿ.

ಎರಡನೆಯ ವಾರದಲ್ಲಿ ಒಂದು ಬೆಳಿಗ್ಗೆ ಪರಸಪ್ಪ ಬಂದ. ಅಲ್ಲಿಯವರೆಗೆ ನಾವು ಮಾತಾಡಿರಲಿಲ್ಲ. ಕಟ್ಟೆಯ ಮೇಲೆ ಚೀಲ ಇಟ್ಟು ಜಿಪ್ಪು ಎಳೆದು ಮುಚ್ಚಳ ಎತ್ತಿದ. ಪೆಟ್ಟಿಗೆ ಅದೇ. ಆದರೆ ಒಳಗಿನ ಹಾಸು ಬೇರೆ. ಕೆಂಪು ಬಟ್ಟೆ ಹೊದಿಸಿದ ಹೊಸ ಮೆತ್ತೆಗಳು, ಐದೂ ತುಂಡುಗಳು ಅಳ್ಳಾಡದ ಹಾಗೆ ಅಚ್ಚಿನಲ್ಲಿ ಕೂತಿದ್ದವು. ಗಫೂರ್ ಚಾಚಾನ ಕೈ ಎಂದು ನೋಡಿದೊಡನೆ ಗೊತ್ತಾಯಿತು. ದಳದ ಸಾಮಾನನ್ನು ಹೀಗೆ ಬದಲಾಯಿಸಲು ವಿಭಾಗದ ಮುಖ್ಯಸ್ಥನ ಒಪ್ಪಿಗೆ ಬೇಕು, ಅಂದರೆ ನನ್ನದು.

"ಯಾರನ್ನು ಕೇಳಿ ಮಾಡಿಸಿದೆ?" ಎಂಬ ಮಾತು ಅಭ್ಯಾಸಬಲದಿಂದ ಬಾಯಿಂದ ಬಂದುಬಿಟ್ಟಿತು.

ಅವನು ಮುಚ್ಚಳ ಹಾಕಿ, ಚಿಲಕ ಒತ್ತಿ, ಮೊದಲ ಸಲ ನನ್ನ ಮುಖವನ್ನೇ ನೋಡಿದ.

"ಯಾರ್ನೂ ಕೇಳಿಲ್ರಿ" ಎಂದ.

ನಾನು ಪಾಸಿನ ಮೇಲೆ ಸಮಯ ಬರೆದು ಒಳಗೆ ಬಿಟ್ಟೆ.